ನಿಮಗಿದು ಗೊತ್ತೇ? ಆಕಾಶ ಬೀಳುವ ಭಯ, ಕಾಲಡಿಯ ಅಪಾಯ

1979ರ ಜುಲೈ ತಿಂಗಳಲ್ಲಿ ನಮ್ಮ ದೇಶದ ಕಣ್ಣೆಲ್ಲ ಆಕಾಶದ ಮೇಲಿತ್ತು. ಅಮೆರಿಕದ ಸ್ಕೈಲ್ಯಾಬ್ ಎಂಬ 77 ಟನ್ ತೂಕದ ಬಾಹ್ಯಾಕಾಶ ನಿಲ್ದಾಣ ಭೂಮಿಗೆ ಬೀಳಲಿದೆ, ಎಲ್ಲಿ ಬೀಳುತ್ತದೋ ನಾಸಾಕ್ಕೂ ಖಚಿತವಿಲ್ಲ ಎಂಬ ಸುದ್ದಿ ರೇಡಿಯೊದಲ್ಲೂ ಪತ್ರಿಕೆಗಳಲ್ಲೂ ತುಂಬಿತ್ತು. ಇನ್ನೇನು ಪ್ರಪಂಚ ಮುಳುಗಿತೆಂದು ಕೋಳಿ, ಕುರಿ ಕೊಯ್ದು ಉಂಡವರ ಕಥೆಯನ್ನು ಹಳ್ಳಿಗಳಲ್ಲಿ ಹಿರಿಯರು ಈಗಲೂ ಹೇಳುತ್ತಾರೆ. ಜುಲೈ 11ರ ರಾತ್ರಿ ಅದು ಹಿಂದೂ ಮಹಾಸಾಗರದ ಮೇಲೆ ಚೂರಾಯಿತು; ಉಳಿದ ತುಂಡುಗಳು ಪಶ್ಚಿಮ ಆಸ್ಟ್ರೇಲಿಯಾದ ಎಸ್ಪರೆನ್ಸ್ ಊರಿನ ಸುತ್ತಮುತ್ತ ಬಿದ್ದವು. ಒಬ್ಬರಿಗೂ ಗಾಯವಾಗಲಿಲ್ಲ. ಕಸ ಚೆಲ್ಲಿದ್ದಕ್ಕೆಂದು ಅಲ್ಲಿನ ಸ್ಥಳೀಯ ಆಡಳಿತ ನಾಸಾಕ್ಕೆ 400 ಡಾಲರ್ ದಂಡ ಹಾಕಿತು.

ಅದಾದ ಸರಿಯಾಗಿ ಒಂದು ತಿಂಗಳಿಗೆ, ಆಗಸ್ಟ್ 11ರಂದು, ಗುಜರಾತಿನ ಮೊರ್ಬಿ ಊರಿನ ಮೇಲ್ಗಡೆ ಇದ್ದ ಮಚ್ಚು-2 ಅಣೆಕಟ್ಟೆ ಒಡೆಯಿತು. ಸತತ ಮಳೆಗೆ ಹರಿದು ಬಂದ ನೀರು ಗೇಟುಗಳ ಸಾಮರ್ಥ್ಯವನ್ನು ಮೀರಿತ್ತು. ಎರಡೂ ಬದಿಯ ಮಣ್ಣಿನ ಏರಿ ಕೊಚ್ಚಿಹೋಯಿತು. ಎಚ್ಚರಿಕೆ ಊರಿಗೆ ಸಮಯಕ್ಕೆ ಸರಿಯಾಗಿ ಮುಟ್ಟಲಿಲ್ಲ. ಸತ್ತವರ ಸಂಖ್ಯೆ ಅತಿ ಕಡಿಮೆ ಅಂದಾಜಿನಲ್ಲೂ ಸಾವಿರ ದಾಟುತ್ತದೆ, ಕೆಲವು ಅಂದಾಜುಗಳು ಅದರ ಎಷ್ಟೋ ಪಟ್ಟು ಹೇಳುತ್ತವೆ. ಆಕಾಶದಿಂದ ಬೀಳುವ ಕಬ್ಬಿಣಕ್ಕೆ ಹೆದರಿದ ದೇಶಕ್ಕೆ ಊರ ಪಕ್ಕದ ಕಟ್ಟೆ ಕಾಣಲಿಲ್ಲ. ನಮ್ಮ ಭಯಗಳು ಎಷ್ಟು ಸಲ ತಪ್ಪು ದಿಕ್ಕಿಗೆ ಮುಖ ಮಾಡಿರುತ್ತವೆ ಎಂಬುದಕ್ಕೆ ಈ ಎರಡು ತಾರೀಖುಗಳಿಗಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ.

ಅದಕ್ಕೂ ಹಿಂದೆ, 1962ರ ಫೆಬ್ರವರಿ 3ರಿಂದ 5ರವರೆಗೆ, ಅಷ್ಟಗ್ರಹ ಕೂಟ. ಸೂರ್ಯ, ಚಂದ್ರ, ಐದು ಗ್ರಹಗಳು ಮತ್ತು ಕೇತು ಮಕರ ರಾಶಿಯಲ್ಲಿ ಸೇರಿದವೆಂದು ದೇಶದಾದ್ಯಂತ ಹೋಮ, ಹವನ, ಭಜನೆ ನಡೆದವು. ಪ್ರಳಯ ಬರಲಿಲ್ಲ. 2012ರ ಡಿಸೆಂಬರ್ 21ರಂದು ಮಾಯನ್ ಪಂಚಾಂಗ ಮುಗಿಯುತ್ತದೆಂದು ಮತ್ತೆ ಅದೇ ಗುಲ್ಲೆದ್ದಿತು. ಮಾಯನ್ನರ ಎಣಿಕೆಯಲ್ಲಿ ಅಂದು ಒಂದು ದೊಡ್ಡ ಆವರ್ತ ಮುಗಿದು ಇನ್ನೊಂದು ಶುರುವಾಗುವುದಿತ್ತು, ಅಷ್ಟೇ. ನಾವು ಗೋಡೆಯ ಕ್ಯಾಲೆಂಡರ್ ಬದಲಿಸುವುದಿಲ್ಲವೇ, ಹಾಗೆ.

ಇಂಥ ಗುಲ್ಲಿನಿಂದ ನಷ್ಟವೇನು ಎಂದು ಕೇಳುವವರಿದ್ದಾರೆ. 2008ರ ಸೆಪ್ಟೆಂಬರ್ 10ರಂದು ಜಿನೀವಾದ ಬಳಿ ನೆಲದಡಿಯ ಲಾರ್ಜ್ ಹ್ಯಾಡ್ರಾನ್ ಕೊಲೈಡರ್ ಯಂತ್ರ ಚಾಲೂ ಆಗುವುದಿತ್ತು. ಕಪ್ಪುಕುಳಿ ಹುಟ್ಟಿ ಭೂಮಿಯನ್ನೇ ನುಂಗುತ್ತದೆ ಎಂದು ನಮ್ಮ ಟಿ.ವಿ. ವಾಹಿನಿಗಳು ದಿನಗಟ್ಟಲೆ ತೋರಿಸಿದವು. ಅದನ್ನು ನೋಡಿ ಹೆದರಿದ ಮಧ್ಯಪ್ರದೇಶದ ಹದಿಹರೆಯದ ಹುಡುಗಿಯೊಬ್ಬಳು ಪ್ರಾಣ ಕಳೆದುಕೊಂಡಳೆಂದು ಪತ್ರಿಕೆಗಳು ವರದಿ ಮಾಡಿದವು. ಯಂತ್ರದಿಂದ ಯಾರಿಗೂ ಏನೂ ಆಗಲಿಲ್ಲ. ಮಕ್ಕಳಿರುವ ಮನೆಯಲ್ಲಿ ಇಂಥ ಸುದ್ದಿ ಓಡುತ್ತಿದ್ದರೆ ದಯವಿಟ್ಟು ರಿಮೋಟ್ ಕೈಗೆತ್ತಿಕೊಳ್ಳಿ, ಆಮೇಲೆ ಮಗುವಿನ ಜೊತೆ ಕೂತು ಮಾತಾಡಿ.

2011ರ ಮಾರ್ಚ್‌ನಲ್ಲಿ ಜಪಾನಿನ ಫುಕುಶಿಮಾ ಅಣುಸ್ಥಾವರದ ದುರಂತವಾದಾಗ ಚೀನಾದ ಅಂಗಡಿಗಳಲ್ಲಿ ಉಪ್ಪು ಖಾಲಿಯಾಯಿತು. ಅಯೋಡಿನ್ ಇರುವ ಉಪ್ಪು ವಿಕಿರಣದಿಂದ ಕಾಪಾಡುತ್ತದೆ ಎಂಬ ವದಂತಿ. ಲೆಕ್ಕ ಹಾಕಿ ನೋಡಿ: ಅಂಥ ತುರ್ತಿನಲ್ಲಿ ವಯಸ್ಕರಿಗೆ ಕೊಡುವ ಮಾತ್ರೆಯಲ್ಲಿ ಸುಮಾರು 100 ಮಿಲಿಗ್ರಾಂ ಅಯೋಡಿನ್ ಇರುತ್ತದೆ. ಒಂದು ಕಿಲೋ ಅಯೋಡಿನ್ ಉಪ್ಪಿನಲ್ಲಿ ಇರುವುದು ಸುಮಾರು 30 ಮಿಲಿಗ್ರಾಂ. ಅಂದರೆ ಮೂರು ಕಿಲೋಗೂ ಹೆಚ್ಚು ಉಪ್ಪು ತಿನ್ನಬೇಕು! ವಿಕಿರಣಕ್ಕೆ ಮೊದಲೇ ಉಪ್ಪೇ ಕೊಲ್ಲುತ್ತದೆ.

ಈಗ ಕಾಲಡಿಗೆ ಬರೋಣ.

ಭಾರತದಲ್ಲಿ 2000ದಿಂದ 2019ರವರೆಗೆ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಎಂದು ಒಂದು ದೊಡ್ಡ ಅಧ್ಯಯನ ಅಂದಾಜು ಮಾಡಿದೆ. ವರ್ಷಕ್ಕೆ ಸರಾಸರಿ 58 ಸಾವಿರ. ಯಾವ ಪ್ರಳಯದ ಭವಿಷ್ಯವೂ ಇಷ್ಟು ಜನರನ್ನು ಕೊಂದಿಲ್ಲ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಒಳ್ಳೆಯ ಹೆಜ್ಜೆ, ಎಣಿಸದ ಸಾವಿಗೆ ಔಷಧದ ದಾಸ್ತಾನೂ ಬರುವುದಿಲ್ಲ.

ನಾಗರಹಾವು, ಕೊಳಕುಮಂಡಲ, ಗರಗಸ ಮಂಡಲ, ಕಟ್ಟುಹಾವು. ಹೆಚ್ಚಿನ ಸಾವುಗಳಿಗೆ ಈ ನಾಲ್ಕೇ ಕಾರಣ. ಇವುಗಳಲ್ಲಿ ಕಟ್ಟುಹಾವಿನ ವಿಷಯ ಪ್ರತಿಯೊಬ್ಬರಿಗೂ ಗೊತ್ತಿರಬೇಕು. ಅದು ರಾತ್ರಿ ಓಡಾಡುವ ಹಾವು, ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲೇ ಕಚ್ಚುತ್ತದೆ. ಹಲ್ಲಿನ ಗುರುತು ಸೊಳ್ಳೆ ಕಚ್ಚಿದಷ್ಟೂ ಕಾಣದೆ ಇರಬಹುದು, ನೋವೂ ಊತವೂ ಇಲ್ಲದಿರಬಹುದು. ನಸುಕಿನಲ್ಲಿ ಹೊಟ್ಟೆನೋವು ಎಂದು ಏಳುತ್ತಾರೆ, ರೆಪ್ಪೆ ಜೋತುಬೀಳುತ್ತದೆ, ಮಾತು ತೊದಲುತ್ತದೆ, ನುಂಗಲಾಗುವುದಿಲ್ಲ. ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿಸಿ ಕೂರಿಸಿದರೆ ಹೊತ್ತು ಮೀರುತ್ತದೆ. ಮಳೆಗಾಲದಲ್ಲಿ ನೆಲದ ಮೇಲೆ ಮಲಗಿದ್ದವರಿಗೆ ಬೆಳಗ್ಗೆ ಹೀಗಾದರೆ ಮೊದಲ ಅನುಮಾನ ಹಾವಿನ ಮೇಲಿರಲಿ, ಸೀದಾ ಆಸ್ಪತ್ರೆಗೆ ಹೊರಡಿ. ಬಿಗಿಯಾಗಿ ಹಗ್ಗ ಕಟ್ಟಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ. ಉಂಗುರ, ಬಳೆ, ವಾಚು ತೆಗೆದು, ಕಚ್ಚಿದ ಕೈಯನ್ನೋ ಕಾಲನ್ನೋ ಅಲುಗಿಸದೆ ಕರೆದೊಯ್ಯಿರಿ. ಹಾವನ್ನು ಹುಡುಕಿ ಹೊಡೆದು ಚೀಲದಲ್ಲಿ ತರುವುದೂ ಬೇಡ: ನಮ್ಮ ದೇಶದ ವಿಷಪ್ರತ್ಯೌಷಧ ಈ ನಾಲ್ಕೂ ಹಾವುಗಳಿಗೆ ಒಂದೇ.

ಇದಕ್ಕೆ ಬೇಕಾದ ತಯಾರಿ ಎಷ್ಟು? ಹಾಸಿಗೆಯಡಿ ಅಂಚು ಸಿಕ್ಕಿಸಿದ ಒಂದು ಸೊಳ್ಳೆಪರದೆ, ದಿಂಬಿನ ಪಕ್ಕ ಒಂದು ಟಾರ್ಚು, ಹೊಲಕ್ಕೆ ಹೋಗುವಾಗ ಗಂಬೂಟು. ಹತ್ತಿರದ ಯಾವ ಸರ್ಕಾರಿ ಆಸ್ಪತ್ರೆಯಲ್ಲಿ ಈ ಔಷಧ ಇರುತ್ತದೆಂದು ಮೊದಲೇ ವಿಚಾರಿಸಿಟ್ಟುಕೊಂಡಿರಬೇಕು. ಕಚ್ಚಿದ ಮೇಲೆ ಮೂರು ಆಸ್ಪತ್ರೆ ಸುತ್ತುವ ಹೊತ್ತಿರುವುದಿಲ್ಲ.

ಸಿಡಿಲಿಗೆ ನಮ್ಮ ದೇಶದಲ್ಲಿ ವರ್ಷಕ್ಕೆ ಎರಡೂವರೆ ಸಾವಿರಕ್ಕೂ ಹೆಚ್ಚು ಜನ ಬಲಿಯಾಗುತ್ತಾರೆ. ಬಹುಪಾಲು ರೈತರು, ಕೂಲಿಗಳು, ದನ ಕಾಯುವವರು. ಎಷ್ಟೋ ಜನ ಮಳೆಗೆಂದು ಮರದಡಿ ನಿಂತಿದ್ದವರು. ಮಿಂಚು ಕಂಡು ಗುಡುಗು ಕೇಳುವವರೆಗೆ ಸೆಕೆಂಡು ಎಣಿಸಿ, ಮೂರರಿಂದ ಭಾಗಿಸಿ. ಸಿಡಿಲು ಎಷ್ಟು ಕಿಲೋಮೀಟರ್ ದೂರ ಎಂದು ಸಿಗುತ್ತದೆ. ಎಣಿಕೆ ಮೂವತ್ತು ತಲುಪುವ ಮೊದಲೇ ಗುಡುಗಿದರೆ ಪಕ್ಕಾ ಕಟ್ಟಡದೊಳಕ್ಕೋ ಮುಚ್ಚಿದ ವಾಹನದೊಳಕ್ಕೋ ಸೇರಿಕೊಳ್ಳಿ, ಕೊನೆಯ ಗುಡುಗಿನಿಂದ ಅರ್ಧ ಗಂಟೆ ಹೊರಬರಬೇಡಿ. ಪುಣೆಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್, ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’ ಆ್ಯಪ್ ಎರಡೂ ಮುಂಚಿತವಾಗಿ ಎಚ್ಚರಿಸುತ್ತವೆ. ಹೊಲದಲ್ಲಿ ಕೆಲಸ ಮಾಡುವ ಅಪ್ಪನ ಫೋನಿಗೆ ಇವನ್ನು ಹಾಕಿಕೊಡುವುದು ಮಗನ, ಮಗಳ ಕೆಲಸ.

2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅಮೆರಿಕದಲ್ಲಿ ಲಕ್ಷಾಂತರ ಜನ ವಿಮಾನ ಬಿಟ್ಟು ಕಾರು ಹತ್ತಿದರು. ಮುಂದಿನ ಒಂದು ವರ್ಷದಲ್ಲಿ ಹೀಗೆ ರಸ್ತೆಗಿಳಿದಿದ್ದರಿಂದಲೇ ಸುಮಾರು ಒಂದೂವರೆ ಸಾವಿರ ಜನ ಹೆಚ್ಚುವರಿಯಾಗಿ ಅಪಘಾತದಲ್ಲಿ ಸತ್ತರೆಂದು ಜರ್ಮನಿಯ ಮನಶ್ಶಾಸ್ತ್ರಜ್ಞ ಗೆರ್ಡ್ ಗಿಗೆರೆಂಜರ್ ಲೆಕ್ಕ ಹಾಕಿದರು. ಅಪಹರಣಕ್ಕೊಳಗಾದ ಆ ನಾಲ್ಕು ವಿಮಾನಗಳಲ್ಲಿ ಇದ್ದವರಿಗಿಂತ ಇದು ಎಷ್ಟೋ ಪಟ್ಟು ಹೆಚ್ಚು.

ನಮ್ಮ ರಸ್ತೆಗಳ ಲೆಕ್ಕ ಇನ್ನೂ ಕಠೋರ. 2022ರಲ್ಲಿ ಭಾರತದಲ್ಲಿ ರಸ್ತೆ ಅಪಘಾತದಿಂದ ಸತ್ತವರು 1,68,491 ಮಂದಿ. ಅವರಲ್ಲಿ ಸುಮಾರು 50 ಸಾವಿರ ಜನ ಹೆಲ್ಮೆಟ್ ಇಲ್ಲದೆ ದ್ವಿಚಕ್ರ ವಾಹನದಲ್ಲಿದ್ದವರು. ಭೂಕಂಪದ ಸುದ್ದಿ ಬಂದಾಗ ಗೋಡೆಯ ಬಿರುಕು ನೋಡುವ ನಾವು, ಮಗುವನ್ನು ಶಾಲೆಗೆ ಬಿಡುವಾಗ ಅದರ ತಲೆಗೊಂದು ಹೆಲ್ಮೆಟ್ ಇದೆಯೇ ಎಂದು ನೋಡುವುದಿಲ್ಲ. ಗಾಯಾಳುವಿಗೆ ನೆರವಾದರೆ ಪೊಲೀಸ್, ಕೋರ್ಟು ಎಂದು ಅಲೆಯಬೇಕೆಂಬ ಭಯವೂ ಈಗ ಬೇಕಿಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ನೆರವಾದವರಿಗೆ ರಕ್ಷಣೆ ಕೊಡುತ್ತದೆ. ಹೆಸರು, ವಿಳಾಸ ಹೇಳಲೇಬೇಕೆಂಬ ಬಲವಂತವಿಲ್ಲ.

ಇನ್ನು ತಯಾರಿ ಎಂದರೆ ಏನು ಎಂಬುದನ್ನು ಒಡಿಶಾದಿಂದ ಕಲಿಯಬೇಕು. 1999ರ ಅಕ್ಟೋಬರ್ 29ರ ಮಹಾಚಂಡಮಾರುತದಲ್ಲಿ ಅಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. ಆ ರಾಜ್ಯ ಅದನ್ನು ಮರೆಯಲಿಲ್ಲ. ಕರಾವಳಿಯುದ್ದಕ್ಕೂ ಆಶ್ರಯ ಕಟ್ಟಡಗಳನ್ನು ಕಟ್ಟಿತು, ಹಳ್ಳಿಹಳ್ಳಿಯಲ್ಲಿ ಸ್ವಯಂಸೇವಕರನ್ನು ತಯಾರು ಮಾಡಿತು, ಅಣಕು ಕಾರ್ಯಾಚರಣೆ ನಡೆಸಿತು. 2013ರಲ್ಲಿ ಫೈಲಿನ್ ಚಂಡಮಾರುತ ಬಂದಾಗ ಸುಮಾರು ಹತ್ತು ಲಕ್ಷ ಜನರನ್ನು ಮೊದಲೇ ಸ್ಥಳಾಂತರಿಸಲಾಯಿತು. ಸಾವು ಐವತ್ತರ ಒಳಗೇ ನಿಂತಿತು. 2019ರ ಫೋನಿಯಲ್ಲಿ ಸ್ಥಳಾಂತರಗೊಂಡವರು 12 ಲಕ್ಷ, ಸತ್ತವರು 64. ಗಾಳಿ ಆಗಲೂ ಭೀಕರವೇ, ಸರ್ಕಾರ ಮತ್ತು ಜನ ಬದಲಾಗಿದ್ದರು. ಆ ಆಶ್ರಯ ಕಟ್ಟಡಗಳಲ್ಲಿ ಎಷ್ಟೋ ಉಳಿದ ದಿನಗಳಲ್ಲಿ ಶಾಲೆಗಳು. ನನಗೆ ತುಂಬ ಹಿಡಿಸಿದ್ದು ಇದು: ಆಪತ್ತು ಬಾರದ ದಿನವೂ ಉಪಯೋಗಕ್ಕೆ ಬರುವ ತಯಾರಿ.

ಇಂಡೊನೇಷ್ಯಾದ ಸಿಮೆಯುಲು ದ್ವೀಪದ ಹೆಸರು ಕೇಳಿದ್ದೀರಾ? 2004ರ ಡಿಸೆಂಬರ್ 26ರ ಸುನಾಮಿ ಹುಟ್ಟಿದ ಜಾಗಕ್ಕೆ ತೀರ ಹತ್ತಿರದ ನೆಲ ಅದು. ಅಲೆ ಬರಲು ಹತ್ತು ನಿಮಿಷವೂ ಹಿಡಿಯಲಿಲ್ಲ. ಸುಮಾರು 78 ಸಾವಿರ ಜನರಿದ್ದ ಆ ದ್ವೀಪದಲ್ಲಿ ಸತ್ತವರು ಏಳೇ ಜನ. 1907ರಲ್ಲಿ ಇಂಥದೇ ಅಲೆ ಅವರ ಪೂರ್ವಜರನ್ನು ಕೊಚ್ಚಿಕೊಂಡು ಹೋಗಿತ್ತು. ಭೂಮಿ ಜೋರಾಗಿ ನಡುಗಿ ಕಡಲು ಹಿಂದೆ ಸರಿದರೆ ಗುಡ್ಡಕ್ಕೆ ಓಡು ಎಂಬುದನ್ನು ಅಜ್ಜಿಯರು ಜೋಗುಳದಲ್ಲಿ, ಕಥೆಯಲ್ಲಿ ಸೇರಿಸಿ ಉಳಿಸಿದ್ದರು. ಆ ಅಲೆಗೆ ‘ಸ್ಮೋಂಗ್’ ಎಂದು ಅವರ ಭಾಷೆಯಲ್ಲಿ ಹೆಸರು. ನೂರು ವರ್ಷಕ್ಕೊಮ್ಮೆ ಬರುವ ಆಪತ್ತಿಗೆ ಅವರು ದಿನವೂ ಹೆದರಿ ಬದುಕಲಿಲ್ಲ. ಮಾಡಬೇಕಾದ ಒಂದೇ ಕೆಲಸವನ್ನು ಮರೆಯದೆ ಇಟ್ಟುಕೊಂಡರು. ಅದೇ ಅಲೆ ತಮಿಳುನಾಡಿನ ದಡ ಮುಟ್ಟಲು ಸುಮಾರು ಎರಡು ಗಂಟೆ ತೆಗೆದುಕೊಂಡಿತ್ತು. ನಮ್ಮಲ್ಲಿ ಆಗ ಹೇಳುವವರಿರಲಿಲ್ಲ. ಹೈದರಾಬಾದಿನ ಸುನಾಮಿ ಮುನ್ನೆಚ್ಚರಿಕೆ ಕೇಂದ್ರ ಶುರುವಾದದ್ದು 2007ರಲ್ಲಿ.

ಆಕಾಶದಿಂದ ನಿಜವಾಗಿಯೂ ಏನಾದರೂ ಬಿದ್ದರೆ? 2013ರ ಫೆಬ್ರವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್ ನಗರದ ಮೇಲೆ ಸುಮಾರು 20 ಮೀಟರ್ ಅಗಲದ ಉಲ್ಕೆ ಸಿಡಿಯಿತು. ಗಾಯಗೊಂಡು ಚಿಕಿತ್ಸೆ ಪಡೆದವರು ಸುಮಾರು ಒಂದೂವರೆ ಸಾವಿರ. ಹೆಚ್ಚಿನವರಿಗೆ ತಗುಲಿದ್ದು ಉಲ್ಕೆಯ ಚೂರಲ್ಲ, ಕಿಟಕಿಯ ಗಾಜು. ಬೆಳಕು ಕಂಡು ಏನಿದು ಎಂದು ಕಿಟಕಿಗೆ ಬಂದು ನಿಂತರು. ಎರಡು ನಿಮಿಷದ ಮೇಲೆ ಸದ್ದಿನ ಅಲೆ ಬಂದು ಗಾಜು ಸಿಡಿಯಿತು. ಒಬ್ಬ ಶಾಲಾ ಶಿಕ್ಷಕಿ ಮಾತ್ರ ಬೆಳಕು ಕಂಡ ಕೂಡಲೇ 44 ಮಕ್ಕಳನ್ನೂ ಡೆಸ್ಕಿನಡಿ ಬಗ್ಗಿಸಿದರು. ಒಂದು ಮಗುವಿಗೂ ಗೀರು ಬೀಳಲಿಲ್ಲ. ಗಾಜು ತಾಗಿದ್ದು ನಿಂತೇ ಇದ್ದ ಆ ಶಿಕ್ಷಕಿಗೆ. ದೂರದಲ್ಲಿ ಭಾರಿ ಬೆಳಕೋ ಬೆಂಕಿಯೋ ಕಂಡರೆ ಕಿಟಕಿಯಿಂದ ದೂರ ಸರಿಯಿರಿ. ಪಟಾಕಿ ಗೋದಾಮು ಹೊತ್ತಿಕೊಂಡರೂ ಇದೇ ನಿಯಮ.

ಕ್ಷುದ್ರಗ್ರಹ ಅಪೋಫಿಸ್ 2029ರ ಏಪ್ರಿಲ್ 13ರಂದು ನಮ್ಮನ್ನು ಹಾದುಹೋಗಲಿದೆ. ಕನಿಷ್ಠ ಇನ್ನು ನೂರು ವರ್ಷ ಅದು ಭೂಮಿಗೆ ಬಡಿಯುವುದಿಲ್ಲವೆಂದು ನಾಸಾ 2021ರಲ್ಲೇ ಹೇಳಿದೆ. ಆ ತಿಂಗಳು ಟಿ.ವಿ.ಯಲ್ಲಿ ಏನು ಬರಬಹುದೆಂದು ಊಹಿಸಬಲ್ಲೆವು, ಈ ಸಾಲನ್ನು ಕತ್ತರಿಸಿ ಇಟ್ಟುಕೊಳ್ಳಿ.

ಸ್ವಿಟ್ಜರ್ಲೆಂಡಿನಲ್ಲಿ ಇಡೀ ಜನಸಂಖ್ಯೆಗೆ ಸಾಲುವಷ್ಟು ಅಣುಬಾಂಬ್ ಆಶ್ರಯತಾಣಗಳಿವೆ. 1963ರ ಕಾನೂನಿನ ಫಲ. ಇಂದು ಎಷ್ಟೋ ಮನೆಗಳಲ್ಲಿ ಅದು ಹಳೆ ಸಾಮಾನು ಇಡುವ ಕೋಣೆ. ಸ್ವೀಡನ್ 2018ರಲ್ಲೂ 2024ರಲ್ಲೂ ಮನೆಮನೆಗೆ ಒಂದು ಕೈಪಿಡಿ ಕಳಿಸಿತು. ಅದರಲ್ಲಿ ನೀರು, ಕೆಡದ ಆಹಾರ, ಟಾರ್ಚು, ರೇಡಿಯೊ, ಔಷಧ, ಸ್ವಲ್ಪ ನಗದು ಎಂಬ ಸಾದಾ ಸಲಹೆಗಳಿವೆ. ಯುರೋಪಿಯನ್ ಒಕ್ಕೂಟ 2025ರಲ್ಲಿ ತನ್ನ ಪ್ರಜೆಗಳಿಗೆ ಹೇಳಿದ್ದು ಮೂರು ದಿನದ ಸಿದ್ಧತೆ. ಮೂರು ದಿನ ಎಂಬ ಈ ಅಳತೆ ನಮಗೂ ಒಪ್ಪುತ್ತದೆ. ಕೊಡಗಿನಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿದರೂ, ಬೆಳಗಾವಿಯಲ್ಲಿ ಹೊಳೆ ಉಕ್ಕಿದರೂ, ಬೆಂಗಳೂರಿನಲ್ಲಿ ಕೆರೆ ಕೋಡಿ ಬಿದ್ದು ನೆಲಮಾಳಿಗೆ ತುಂಬಿದರೂ ಮೊದಲ ದಿನಗಳಲ್ಲಿ ಬೇಕಾಗುವುದು ಇವೇ. ಒಬ್ಬರಿಗೆ ದಿನಕ್ಕೆ ಮೂರು-ನಾಲ್ಕು ಲೀಟರ್ ಕುಡಿಯುವ ನೀರು, ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆ ಒಂದು ವಾರಕ್ಕೆ ಮುಂದಾಗಿ, ಅವಲಕ್ಕಿ, ಬೆಲ್ಲ, ಆಧಾರ್ ಮತ್ತು ಪಹಣಿಯ ಪ್ರತಿ ಪ್ಲಾಸ್ಟಿಕ್ ಕವರಿನಲ್ಲಿ. ನೀರು ಬಿಟ್ಟು ಉಳಿದದ್ದಕ್ಕೆ ಒಂದು ಚೀಲ ಸಾಕು. ಮನೆ ತುಂಬ ಅಕ್ಕಿ ಮೂಟೆ ಪೇರಿಸಿದರೆ ಹುಳ ಹಿಡಿಯುತ್ತದೆ, ಪಕ್ಕದ ಮನೆಯವರಿಗೆ ಅಂಗಡಿಯಲ್ಲಿ ಸಿಗದೆ ಹೋಗುತ್ತದೆ.

ಹರಿಯುವ ನೀರು ಪಾದದಿಂದ ಒಂದು ಗೇಣು ಏರಿದರೂ ವಯಸ್ಕರನ್ನು ಬೀಳಿಸಬಲ್ಲದು. ಎರಡು ಅಡಿ ನೀರು ಹೆಚ್ಚಿನ ಕಾರುಗಳನ್ನು ತೇಲಿಸಿಕೊಂಡು ಹೋಗುತ್ತದೆ. ಸೇತುವೆಯ ಮೇಲೆ ನೀರು ಹರಿಯುತ್ತಿದ್ದರೆ ಆಚೆ ದಡದ ಕೆಲಸ ಎಷ್ಟೇ ಅರ್ಜೆಂಟಾಗಿರಲಿ, ನಿಲ್ಲಿ.

ಮುಳುಗಿ ಸಾಯುವವರು ನಮ್ಮ ದೇಶದಲ್ಲಿ ವರ್ಷಕ್ಕೆ 30 ಸಾವಿರಕ್ಕೂ ಹೆಚ್ಚು. ಕೃಷಿಹೊಂಡ, ಕೆರೆ, ಕಲ್ಲುಕ್ವಾರಿ. ಈಜು ಬಾರದವರು ಕಾಪಾಡಲು ಧುಮುಕಿ ತಾವೂ ಹೋಗುತ್ತಾರೆ. ಸೀರೆ, ಪಂಚೆ, ಹಗ್ಗ, ಖಾಲಿ ಕೊಡ, ಕೈಗೆ ಸಿಕ್ಕಿದ್ದನ್ನು ಎಸೆಯಿರಿ, ದಡ ಬಿಡಬೇಡಿ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದು ಚೈನು ಕಡಿದು ಕೊಚ್ಚಿಹೋಯಿತು. ಒಂದು ವಾರದೊಳಗೆ, ಹರಿಯುತ್ತಿದ್ದ ನೀರಿನಲ್ಲೇ, ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ತಂಡವೊಂದು ಉಕ್ಕಿನ ಸ್ಟಾಪ್‌ಲಾಗ್ ಇಳಿಸಿ ನೀರು ತಡೆಯಿತು. ಅಣೆಕಟ್ಟೆಗೆ ಏನೂ ಆಗಲಿಲ್ಲ, ಕಾರ್ಮಿಕರ ಸಾಹಸಕ್ಕೆ ನಾಡೇ ಕೈಮುಗಿಯಿತು. ಆದರೆ ಏಳು ದಶಕದ ಗೇಟು, ಚೈನುಗಳ ತಪಾಸಣೆ ಮುಂಚೆಯೇ ಆಗಬೇಕಿತ್ತು ಎಂಬ ಮಾತನ್ನು ಆ ಸಂತೋಷದಲ್ಲಿ ಬಿಟ್ಟುಬಿಡಬಾರದು.

ವದಂತಿಯೂ ಒಂದು ವಿಕೋಪವೇ. 2012ರ ಆಗಸ್ಟ್‌ನಲ್ಲಿ ಸುಳ್ಳು ಎಸ್ಸೆಮ್ಮೆಸ್ಸುಗಳಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರು ಬಿಟ್ಟು ರೈಲು ಹತ್ತಿದರು. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸ್ಆ್ಯಪ್ ಸಂದೇಶ ನಂಬಿದ ಗುಂಪು ಹೈದರಾಬಾದಿನ ಯುವ ಎಂಜಿನಿಯರನ್ನು ಹೊಡೆದು ಕೊಂದಿತು. ಅವರೂ ಜೊತೆಗಿದ್ದ ಗೆಳೆಯರೂ ಮಾಡಿದ್ದೇನು? ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟು ಕೊಟ್ಟಿದ್ದು. ಮಕ್ಕಳನ್ನು ಕಾಪಾಡುತ್ತಿದ್ದೇವೆ ಎಂದೇ ಆ ಗುಂಪು ತಿಳಿದಿತ್ತು. ‘ಎಲ್ಲರಿಗೂ ಕಳಿಸಿ’ ಎಂದು ಕೊನೆಯಲ್ಲಿ ಬರೆದಿರುವ ಯಾವುದನ್ನೂ ಕಳಿಸಬೇಡಿ.

ಬೆಂಕಿಗಿಂತ ಹೊಗೆ ಬೇಗ ಕೊಲ್ಲುತ್ತದೆ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಹೊತ್ತಿಕೊಂಡಾಗ ಒಂಬತ್ತು ಜನ ಸತ್ತರು. ಹೊಗೆ ತಾಳಲಾರದೆ ಮೇಲಿನಿಂದ ಹಾರಿದವರೂ ಇದ್ದರು. ಆಫೀಸು, ಸಿನಿಮಾ, ಕಲ್ಯಾಣ ಮಂಟಪ, ಎಲ್ಲಿಗೇ ಹೋದರೂ ಎರಡನೆಯ ಬಾಗಿಲು ಎಲ್ಲಿದೆ ಎಂದು ಒಮ್ಮೆ ನೋಡಿಕೊಳ್ಳಿ. ಅದಕ್ಕೆ ಬೀಗ ಹಾಕಿದ್ದರೆ ಮ್ಯಾನೇಜರನ್ನು ಕರೆದು ಕೇಳಿ, ಸಂಕೋಚ ಬೇಡ. ಹೊಗೆ ತುಂಬಿದರೆ ನೆಲಕ್ಕೆ ಬಗ್ಗಿ ತೆವಳಿ. ಉಸಿರಾಡುವ ಗಾಳಿ ಇರುವುದು ಕೆಳಗೆ.

ವಾಂತಿಭೇದಿಯಾದ ಮಗುವಿಗೆ ಓಆರ್‌ಎಸ್ ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಪಾಟು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹರಡಿದಾಗ ಡಾ. ದಿಲೀಪ್ ಮಹಲನಬೀಸ್ ಲವಣದ್ರಾವಣವನ್ನು ಡ್ರಮ್ಮುಗಳಲ್ಲಿ ಕಲಸಿ ಕುಡಿಸಿ ಸಾವಿನ ಪ್ರಮಾಣವನ್ನು ನೂರಕ್ಕೆ ಮೂವತ್ತರಿಂದ ನಾಲ್ಕಕ್ಕೂ ಕೆಳಗೆ ಇಳಿಸಿದರು.

ನಾಯಿ ಕಚ್ಚಿದ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಬೇಕು, ಅದೇ ದಿನ ಲಸಿಕೆ ಶುರುವಾಗಬೇಕು. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಹೆಚ್ಚುಕಡಿಮೆ ಅಸಾಧ್ಯ.

ಕೊನೆಗೆ ಅಡುಗೆಮನೆ. ಗ್ಯಾಸಿಗೆ ಸ್ವಂತ ವಾಸನೆಯಿಲ್ಲ. ಸೋರಿದರೆ ತಿಳಿಯಲೆಂದೇ ಮರ್ಕ್ಯಾಪ್ಟನ್ ಎಂಬ ದುರ್ವಾಸನೆಯ ವಸ್ತು ಬೆರೆಸುತ್ತಾರೆ. ಗ್ಯಾಸು ಗಾಳಿಗಿಂತ ಭಾರ, ನೆಲದ ಮಟ್ಟದಲ್ಲಿ ಹರಡುತ್ತದೆ. ಹಾಗಾಗಿ ಮೂಗಿಗೆ ಬಡಿಯುವ ಹೊತ್ತಿಗೆ ಕಾಲ ಬಳಿ ಇನ್ನೂ ಹೆಚ್ಚು ತುಂಬಿರಬಹುದು. ವಾಸನೆ ಬಂದರೆ ಲೈಟಿನ ಸ್ವಿಚ್ಚು ಹಾಕುವುದೂ ಬೇಡ, ಆರಿಸುವುದೂ ಬೇಡ. ಎರಡರಲ್ಲೂ ಕಿಡಿ ಹಾರುತ್ತದೆ. ಎಕ್ಸಾಸ್ಟ್ ಫ್ಯಾನೂ ಬೇಡ. ರೆಗ್ಯುಲೇಟರ್ ತಿರುಗಿಸಿ ಮುಚ್ಚಿ, ಬಾಗಿಲು, ಕಿಟಕಿ ತೆರೆದು ಎಲ್ಲರೂ ಹೊರಗೆ ಬನ್ನಿ. ಅಲ್ಲಿಂದ 1906ಕ್ಕೆ ಕರೆ ಮಾಡಿ. ಸಿಲಿಂಡರಿನ ಕುತ್ತಿಗೆಯ ಪಟ್ಟಿಯ ಒಳಬದಿಯಲ್ಲಿ ‘ಬಿ-27’ ಎಂಬಂಥ ಗುರುತಿರುತ್ತದೆ. ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಏಪ್ರಿಲ್‌ನಿಂದ ಜೂನ್, ಸಿ, ಡಿ ಹೀಗೇ ಮುಂದಕ್ಕೆ, ಅಂಕಿ ಇಸವಿ. ಸಿಲಿಂಡರ್ ಮರುಪರೀಕ್ಷೆಗೆ ಹೋಗಬೇಕಾದ ಗಡುವು ಅದು. ಗಡುವು ದಾಟಿದ್ದನ್ನು ತಂದರೆ ವಾಪಸು ಕಳಿಸುವ ಹಕ್ಕು ನಿಮ್ಮದು. ಒಲೆಗೆ ಹೋಗುವ ಸುರಕ್ಷಾ ಪೈಪಿನ ಆಯುಷ್ಯ ಐದು ವರ್ಷ. ತಾರೀಖು ಪೈಪಿನ ಮೇಲೆಯೇ ಅಚ್ಚಾಗಿರುತ್ತದೆ, ಜಿಡ್ಡು ಒರೆಸಿದರೆ ಕಾಣುತ್ತದೆ.

112 ಎಲ್ಲ ತುರ್ತಿಗೆ, 108 ಆಂಬುಲೆನ್ಸಿಗೆ, 1077 ಜಿಲ್ಲೆಯ ವಿಕೋಪ ನಿಯಂತ್ರಣ ಕೊಠಡಿಗೆ. ಇವನ್ನೂ ಮನೆಯ ಒಬ್ಬರ ಮೊಬೈಲ್ ನಂಬರನ್ನೂ ಮಕ್ಕಳಿಗೆ ಬಾಯಿಪಾಠ ಮಾಡಿಸಿ. ಫೋನ್ ಕಳೆದ ದಿನ ಅದರೊಳಗಿನ ನಂಬರುಗಳೂ ಕಳೆದಿರುತ್ತವೆ. ಆಮೇಲೆ ಒಂದು ಬಟ್ಟೆ ತೆಗೆದುಕೊಂಡು ನಿಮ್ಮ ಮನೆಯ ಗ್ಯಾಸ್ ಪೈಪು ಒರೆಸಿ ತಾರೀಖು ನೋಡಿ. ಐದು ವರ್ಷ ದಾಟಿದ್ದರೆ ನಾಳೆಯೇ ಬದಲಿಸಿ.